ಕಣ್ಣಾರೆ ಕಂಡವರ ಮಾತು ನಂಬಲು 11 ವರ್ಷ: ಎಲ್ ಮೊಸೋಟೆ ಪ್ರಕರಣ

1982ರ ಜನವರಿ 27ರಂದು ನ್ಯೂಯಾರ್ಕ್ ಟೈಮ್ಸ್ ಮತ್ತು ವಾಷಿಂಗ್ಟನ್ ಪೋಸ್ಟ್ ಎರಡೂ ಒಂದೇ ಊರಿನ ಸುದ್ದಿಯನ್ನು ಮುಖಪುಟದಲ್ಲಿ ಹಾಕಿದವು. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ ಎಂಬ ಪುಟ್ಟ ದೇಶ, ಅದರ ಮೊರಾಸಾನ್ ಪ್ರಾಂತ್ಯದ ಎಲ್ ಮೊಸೋಟೆ ಎಂಬ ಹಳ್ಳಿ. ಹಿಂದಿನ ಡಿಸೆಂಬರ್‌ನಲ್ಲಿ ಆ ದೇಶದ ಸೇನೆಯೇ ಅಲ್ಲಿಗೆ ನುಗ್ಗಿ ಗಂಡಸರು, ಹೆಂಗಸರು, ಮಕ್ಕಳು ಎನ್ನದೆ ನೂರಾರು ಜನರನ್ನು ಕೊಂದಿದೆ ಎಂಬುದು ಸುದ್ದಿ. ಮರುದಿನ, ಜನವರಿ 28ರಂದು, ರೇಗನ್ ಸರ್ಕಾರ ಅಮೆರಿಕದ ಸಂಸತ್ತಿಗೆ ಒಂದು ಪ್ರಮಾಣಪತ್ರ ಕೊಟ್ಟಿತು. ಎಲ್ ಸಾಲ್ವಡೋರ್ ಸರ್ಕಾರ ಮಾನವ ಹಕ್ಕುಗಳನ್ನು ಕಾಪಾಡಲು ಗಂಭೀರವಾಗಿ ಪ್ರಯತ್ನಿಸುತ್ತಿದೆ ಎಂದು ಅದರಲ್ಲಿ ಇತ್ತು. ಈ ಪತ್ರ ಕೊಡದಿದ್ದರೆ ಮಿಲಿಟರಿ ನೆರವು ನಿಲ್ಲಬೇಕು ಎಂದು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಕಾನೂನು ಬಂದಿತ್ತು.

ಈ ಎರಡು ತಾರೀಕುಗಳನ್ನು ಒಟ್ಟಿಗೆ ಇಟ್ಟು ನೋಡಿ. ಪ್ರಕರಣದ ಅರ್ಧ ಅಲ್ಲೇ ಇದೆ.

ಮುಖ್ಯ ಸಾಕ್ಷಿ ಒಬ್ಬ ರೈತ ಹೆಣ್ಣುಮಗಳು, ರುಫಿನಾ ಅಮಾಯಾ. ಆಗ ಆಕೆಗೆ 38 ವರ್ಷ. ಆಕೆ ಹೇಳಿದ್ದು ಸುಳ್ಳೆಂದು ಯಾರೂ ತೋರಿಸಲಿಲ್ಲ, ತೋರಿಸುವ ಪ್ರಯತ್ನವನ್ನೂ ಸರಿಯಾಗಿ ಮಾಡಲಿಲ್ಲ. ಆದರೂ 1992ರ ತನಕ ಆ ಮಾತು 'ಆರೋಪ' ಆಗಿಯೇ ಉಳಿಯಿತು. ಅದು ಹೇಗಾಯಿತು ಅನ್ನೋದೇ ಈ ಬರಹದ ವಿಷಯ. ಆಕೆಯ ಮಾತಿನಲ್ಲಿ ಏನು ಕೊರತೆ ಇತ್ತು ಎಂದು ಹುಡುಕುವುದಕ್ಕಿಂತ, ಕೇಳಿಸಿಕೊಂಡವರಿಗೆ ಆ ಮಾತು ಎಷ್ಟು ದುಬಾರಿಯಾಗಿತ್ತು ಎಂದು ನೋಡುವುದು ಜಾಸ್ತಿ ಉಪಯೋಗ ಎಂದು ನನಗೆ ಅನಿಸುತ್ತದೆ.

ಆಕೆ ಹೇಳಿದ್ದು

1981ರ ಡಿಸೆಂಬರ್ 10ರ ಸಂಜೆ ಅಟ್ಲಾಕಾಟ್ಲ್ ಬೆಟಾಲಿಯನ್ ಊರಿಗೆ ಬಂತು. ಅಮೆರಿಕದ ಸೇನೆಯಿಂದ ತರಬೇತಿ ಪಡೆದ, ಸರ್ಕಾರದ ವಿರುದ್ಧ ಅಂತರ್ಯುದ್ಧ ನಡೆಸುತ್ತಿದ್ದ ಎಡಪಂಥೀಯ ಗೆರಿಲ್ಲಾಗಳನ್ನು ಮಟ್ಟ ಹಾಕಲೆಂದೇ ಕಟ್ಟಿದ ಪಡೆ ಅದು. ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ದೊಮಿಂಗೊ ಮೊಂಟೆರೋಸಾ. ಜನರನ್ನು ಮನೆಯಿಂದ ಹೊರಗೆಳೆದು, ಬೀದಿಯಲ್ಲಿ ಬೋರಲಾಗಿ ಮಲಗಿಸಿ, ಗೆರಿಲ್ಲಾಗಳ ಬಗ್ಗೆ ಪ್ರಶ್ನೆ ಕೇಳಿದರು. ಆಮೇಲೆ 'ಮನೆಯೊಳಗೆ ಹೋಗಿ, ಹೊರಗೆ ಬಂದರೆ ಗುಂಡು ಹೊಡೆಯುತ್ತೇವೆ' ಎಂದರು.

ಮಾರನೇ ದಿನ ಬೆಳಗ್ಗೆ ಎಲ್ಲರನ್ನೂ ಊರ ನಡುವಿನ ಬಯಲಿಗೆ ಕರೆತಂದರು. ಗಂಡಸರನ್ನು ಚರ್ಚ್‌ಗೆ ತುಂಬಿದರು. ಹೆಂಗಸರು, ಮಕ್ಕಳನ್ನು ಒಂದು ಮನೆಗೆ ತುಂಬಿದರು. ಮೊದಲು ಗಂಡಸರ ಸರದಿ. ಗುಂಪು ಗುಂಪಾಗಿ ಹೊರಗೆ ಒಯ್ದು ಕೊಂದರು. ಅವರಲ್ಲಿ ರುಫಿನಾ ಅವರ ಗಂಡನೂ ಇದ್ದರು. ಮಧ್ಯಾಹ್ನದಿಂದ ಹೆಂಗಸರ ಸರದಿ. ತಾಯಂದಿರ ಕೈಯಿಂದ ಮಕ್ಕಳನ್ನು ಕಿತ್ತುಕೊಂಡರು. ರುಫಿನಾ ಅವರಿಗೆ ನಾಲ್ಕು ಮಕ್ಕಳು ಅಲ್ಲಿದ್ದರು, ದೊಡ್ಡವನಿಗೆ 9 ವರ್ಷ, ಕೊನೆಯದು 8 ತಿಂಗಳ ಕೂಸು.

ಆಕೆ ಬದುಕಿದ್ದು ಒಂದು ಕ್ಷಣದ ಅವಕಾಶದಿಂದ. ಕೊಲ್ಲಲು ಒಯ್ಯುತ್ತಿದ್ದ ಹೆಂಗಸರ ಸಾಲಿನ ಕೊನೆಯಲ್ಲಿದ್ದರು. ಮುಂದಿನವರು ಕಿರುಚಾಡುತ್ತಿದ್ದಾಗ ಸೈನಿಕರ ಗಮನ ಆ ಕಡೆ ಹೋಯಿತು. ಆಕೆ ಮಂಡಿಯೂರಿ ದೇವರನ್ನು ನೆನೆದು, ಪಕ್ಕದ ಸಣ್ಣ ಗಿಡಗಳ ಹಿಂದೆ ಸರಿದು ಕೂತರು. ಅಲ್ಲಿಂದ ಸೈನಿಕರು ತಮ್ಮತಮ್ಮಲ್ಲಿ ಆಡುವ ಮಾತು ಕೇಳುತ್ತಿತ್ತು. ಮಕ್ಕಳು ಕೂಗುವುದೂ ಕೇಳುತ್ತಿತ್ತು. ಅದರಲ್ಲಿ ತನ್ನ ಮಗನ ದನಿ ಗುರುತು ಸಿಕ್ಕಿತು ಎಂದು ಆಕೆ ಹೇಳಿದ್ದಾರೆ. ಕತ್ತಲಾದ ಮೇಲೆ ದನಗಳ ನಡುವೆ ತೆವಳುತ್ತಾ ದೂರ ಹೋದರು. ಅಳು ತಡೆಯಲಾಗದೆ, ಅತ್ತರೆ ಕೇಳಿಸುತ್ತದೆ ಎಂದು ಹೆದರಿ, ನೆಲದಲ್ಲಿ ಕೈಯಿಂದಲೇ ಒಂದು ಗುಳಿ ತೋಡಿ, ಅದರೊಳಗೆ ಮುಖ ಇಟ್ಟು ಅತ್ತರು.

ಸುತ್ತಲಿನ ಲಾ ಹೋಯಾ, ಲಾಸ್ ಟೋರಿಲೆಸ್, ಸೆರೋ ಪಾಂಡೊ ಮುಂತಾದ ಹಳ್ಳಿಗಳಲ್ಲೂ ಅದೇ ದಿನಗಳಲ್ಲಿ ಕೊಲೆಗಳಾದವು. ಅಲ್ಲಿಂದ ತಪ್ಪಿಸಿಕೊಂಡವರೂ ಇದ್ದರು, ಅವರೂ ಮಾತಾಡಿದರು. ಎಲ್ ಮೊಸೋಟೆಯ ಒಳಗೆ ನಡೆದದ್ದನ್ನು ಮೊದಲಿಂದ ಕೊನೆವರೆಗೆ ಹೇಳಬಲ್ಲವರು ಮಾತ್ರ ರುಫಿನಾ ಒಬ್ಬರೇ.

ನಂಬದಿರಲು ಕೊಟ್ಟ ಕಾರಣಗಳು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಹಾಗಾಗಿ ಅನುಮಾನ ಪಟ್ಟವರೆಲ್ಲ ಕೆಟ್ಟವರು ಎಂದು ನಾನು ಶುರು ಮಾಡುವುದಿಲ್ಲ. ಅನುಮಾನಕ್ಕೆ ಜಾಗ ಇತ್ತು.

ಮೊದಲನೆಯದು, ಸುದ್ದಿ ಬಂದ ದಾರಿ. ಈ ಹತ್ಯೆಯನ್ನು ಮೊದಲು ಬಿತ್ತರಿಸಿದ್ದು ಗೆರಿಲ್ಲಾಗಳ ರೇಡಿಯೋ ವೆನ್ಸೆರೆಮೋಸ್. ಟೈಮ್ಸ್‌ನ ರೇಮಂಡ್ ಬಾನರ್, ಛಾಯಾಗ್ರಾಹಕಿ ಸೂಸನ್ ಮೈಸೆಲಸ್, ಅವರ ಹಿಂದೆಯೇ ಹೋದ ಪೋಸ್ಟ್‌ನ ಆಲ್ಮಾ ಗಿಯೆರ್ಮೊಪ್ರಿಯೆಟೊ, ಮೂವರನ್ನೂ ಹೊಂಡುರಾಸ್ ಗಡಿಯ ಕಡೆಯಿಂದ ಒಳಗೆ ಕರೆದೊಯ್ದವರು ಗೆರಿಲ್ಲಾಗಳು. ಅವರಿಗೆ ಈ ಸುದ್ದಿ ಹೊರಗೆ ಬರಬೇಕಿತ್ತು, ಅದೂ ಪ್ರಮಾಣಪತ್ರದ ಗಡುವಿಗೆ ಮುಂಚೆ. ಇದೆಲ್ಲ ನಿಜ. ಪತ್ರಕರ್ತರು ಇದನ್ನು ಮುಚ್ಚಿಡಲಿಲ್ಲ, ವರದಿಯಲ್ಲೇ ಬರೆದರು.

ಎರಡನೆಯದು, ಎಣಿಕೆ. ಊರವರು ಮಾಡಿದ ಪಟ್ಟಿಯಲ್ಲಿ 733 ಹೆಸರು ಇತ್ತು. ಇನ್ನೊಂದು ಕಡೆ 926 ಎಂದು ಬಂತು. ವಿದೇಶಾಂಗ ಇಲಾಖೆಯ ಥಾಮಸ್ ಎಂಡರ್ಸ್ ಫೆಬ್ರವರಿಯಲ್ಲಿ ಸಂಸತ್ತಿನ ಸಮಿತಿ ಮುಂದೆ ಇದನ್ನೇ ಹಿಡಿದುಕೊಂಡರು. ಎಲ್ ಮೊಸೋಟೆಯಲ್ಲಿ ಇದ್ದವರೇ 300 ಜನ, ಅಷ್ಟೊಂದು ಜನ ಸಾಯುವುದು ಹೇಗೆ ಎಂಬ ವಾದ. ಕೇಳಿದ ತಕ್ಷಣ ಸರಿ ಅನಿಸುತ್ತದೆ ಅಲ್ವಾ? ಆದರೆ ಪಟ್ಟಿ ಒಂದೇ ಊರಿನದ್ದಲ್ಲ, ಸುತ್ತಲಿನ ಹಳ್ಳಿಗಳದ್ದೂ ಸೇರಿತ್ತು. ಅದರ ಮೇಲೆ, ಆ ವಾರ ಎಲ್ ಮೊಸೋಟೆಗೆ ಅಕ್ಕಪಕ್ಕದ ಜನ ಬಂದು ಸೇರಿದ್ದರು. ಸೇನೆ ಬರುತ್ತಿದೆ, ಊರಲ್ಲೇ ಇದ್ದರೆ ಏನೂ ಮಾಡುವುದಿಲ್ಲ ಎಂದು ಊರಿನ ದೊಡ್ಡ ಅಂಗಡಿಯವರು ಹೇಳಿದ್ದರು, ಸೇನೆಯ ಅಧಿಕಾರಿಯೇ ಅವರಿಗೆ ಹಾಗೆ ಹೇಳಿದ್ದರಂತೆ. ಊರಿನಲ್ಲಿ ಪ್ರೊಟೆಸ್ಟೆಂಟ್ ಕ್ರೈಸ್ತರು ಬಹಳ ಇದ್ದರು, ಗೆರಿಲ್ಲಾಗಳ ಜತೆ ಸೇರಿದ ಊರು ಎಂಬ ಹೆಸರೂ ಅದಕ್ಕೆ ಇರಲಿಲ್ಲ. ನಾವು ತಪ್ಪು ಮಾಡಿಲ್ಲ, ನಮಗೇಕೆ ಭಯ ಎಂದು ಜನ ಉಳಿದರು.

ಎಣಿಕೆಯ ವಾದದ ಚಮತ್ಕಾರ ನೋಡಿ. ಸತ್ತವರು 733 ಅಲ್ಲ ಎಂದು ಅನುಮಾನ ಹುಟ್ಟಿಸಿದರೆ ಸಾಕು, ಕೊಲೆಯೇ ನಡೆದಿಲ್ಲ ಎಂಬ ಭಾವನೆ ತಾನಾಗಿ ಬರುತ್ತದೆ. 300 ಜನ ಇದ್ದ ಊರಲ್ಲಿ 300 ಜನ ಸತ್ತಿದ್ದರೂ ಅದು ಸಾಮೂಹಿಕ ಹತ್ಯೆಯೇ. ಅದನ್ನು ಆ ಸಮಿತಿಯಲ್ಲಿ ಚರ್ಚೆಯ ಕೇಂದ್ರಕ್ಕೆ ತರಲು ಎಂಡರ್ಸ್ ಅವರಿಗೆ ಮನಸ್ಸಿರಲಿಲ್ಲ.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾಕ್ಷಿ ಒಬ್ಬ ಬಡ ಹಳ್ಳಿ ಹೆಂಗಸು. ಎಲ್ಲವನ್ನೂ ಕಳಕೊಂಡವಳು. ಎದುರಿಗೆ ನಿಂತದ್ದು ಸಮವಸ್ತ್ರ, ಲೆಟರ್‌ಹೆಡ್, ರಾಯಭಾರ ಕಚೇರಿ.

ರಾಯಭಾರ ಕಚೇರಿ ನೋಡಲು ಹೋದದ್ದು

ಈ ಭಾಗಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಅಮೆರಿಕ ಏನೂ ವಿಚಾರಿಸದೆ ಅಲ್ಲಗಳೆಯಿತು ಎಂದು ಎಷ್ಟೋ ಜನ ಬರೆಯುತ್ತಾರೆ. ಹಾಗಲ್ಲ, ವಿಚಾರಿಸಿತು. ವಿಚಾರಿಸಿದ ರೀತಿಯಲ್ಲೇ ಎಲ್ಲ ಇದೆ.

ಜನವರಿ 30ರಂದು ರಾಯಭಾರ ಕಚೇರಿಯ ಟಾಡ್ ಗ್ರೀನ್‌ಟ್ರೀ ಮತ್ತು ಮೇಜರ್ ಜಾನ್ ಮೆಕೇ ಆ ಕಡೆ ಹೋದರು. ಹೆಲಿಕಾಪ್ಟರ್‌ನಲ್ಲಿ ಊರ ಮೇಲೆ ಹಾರಿದರು. ಪಾಳುಬಿದ್ದ ಮನೆಗಳು ಕಂಡವು. ಊರು ಬಿಟ್ಟು ಬಂದವರನ್ನು ಮಾತಾಡಿಸಿದರು, ಜತೆಯಲ್ಲಿ ಸಾಲ್ವಡೋರ್ ಸೈನಿಕರು ನಿಂತಿದ್ದರು. ಊರೊಳಗೆ ಕಾಲಿಡಲು ಆಗಲಿಲ್ಲ. ಜತೆಗಿದ್ದ ಸೈನಿಕರೇ ಮುಂದೆ ಬರಲು ಒಪ್ಪಲಿಲ್ಲ.

ಕೊಂದರು ಎಂಬ ಆರೋಪ ಇರುವುದು ಸೇನೆಯ ಮೇಲೆ. ವಿಚಾರಣೆಗೆ ಕಾವಲು ಅದೇ ಸೇನೆ. ಆ ಬಂದೂಕುಗಳ ಮುಂದೆ ನಿಂತ ನಿರಾಶ್ರಿತರು ಏನು ಹೇಳಿಯಾರು? ಆ ಜನರ ಭಯ ತನಗೆ ಅರಿವಾಗಿತ್ತು, ಅಲ್ಲಿ ಏನೋ ಘೋರವಾದದ್ದು ನಡೆದಿದೆ ಎಂದು ಅನಿಸಿತ್ತು ಎಂದು ಗ್ರೀನ್‌ಟ್ರೀ ವರ್ಷಗಳ ನಂತರ ಹೇಳಿದರು. ಆದರೆ ಅನಿಸಿದ್ದನ್ನು ಬರೆಯಲು ಸರ್ಕಾರಿ ಕಾಗದದಲ್ಲಿ ಜಾಗ ಇರುವುದಿಲ್ಲ.

ರಾಯಭಾರಿ ಡೀನ್ ಹಿಂಟನ್ ಅವರ ಕಚೇರಿಯಿಂದ ವಾಷಿಂಗ್ಟನ್‌ಗೆ ಹೋದ ತಂತಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿತ್ತು. ಸೈನಿಕರು ಅತಿರೇಕ ಮಾಡಿದರು ಎಂದು ಸಾಬೀತು ಮಾಡಲೂ ಆಗುವುದಿಲ್ಲ, ಅಲ್ಲಗಳೆಯಲೂ ಆಗುವುದಿಲ್ಲ. ನಾಗರಿಕರು ಸತ್ತಿದ್ದಾರೆ. ಆದರೆ ಸೇನೆ ಯೋಜನೆ ಹಾಕಿ ಕೊಂದಿತು ಎನ್ನಲು ಪುರಾವೆ ಸಿಗಲಿಲ್ಲ, ಸತ್ತವರ ಸಂಖ್ಯೆಯೂ ಹೊರಗೆ ಹೇಳುತ್ತಿರುವುದರ ಹತ್ತಿರಕ್ಕೂ ಬರುವುದಿಲ್ಲ. ಸಾರಾಂಶ ಇಷ್ಟು.

ಎಂಡರ್ಸ್ ಸಮಿತಿ ಮುಂದೆ ಓದುವಾಗ 'ಅಲ್ಲಗಳೆಯಲೂ ಆಗುವುದಿಲ್ಲ' ಎಂಬ ತುಂಡು ಹಿಂದೆ ಸರಿದಿತ್ತು, 'ಪುರಾವೆ ಇಲ್ಲ' ಎಂಬುದು ಮುಂದೆ ಬಂದಿತ್ತು. ಊರಿಗೇ ಹೋಗದವರಿಗೆ ಪುರಾವೆ ಸಿಗದಿರುವುದು ಸಹಜ. ಹೋಗಲಾಗಲಿಲ್ಲ ಎಂಬುದು ಸಿಗಲಿಲ್ಲ ಎಂದಾಯಿತು, ಸಿಗಲಿಲ್ಲ ಎಂಬುದು ಇಲ್ಲ ಎಂದಾಯಿತು. ಈ ದಾರಿಯಲ್ಲಿ ಎಲ್ಲೂ ಯಾರೂ ನೇರವಾಗಿ ಸುಳ್ಳು ಹೇಳಬೇಕಾಗಿ ಬರಲಿಲ್ಲ, ಪ್ರತಿಯೊಬ್ಬರೂ ಹಿಂದಿನವರ ವಾಕ್ಯವನ್ನು ಒಂದಿಷ್ಟು ಬಿಗಿ ಮಾಡಿದರು ಅಷ್ಟೆ.

ಗೆರಿಲ್ಲಾಗಳು ಕರೆದೊಯ್ದರು ಎಂಬ ಕಾರಣಕ್ಕೆ ಪತ್ರಕರ್ತರ ಮಾತಿಗೆ ಬೆಲೆ ಕಮ್ಮಿಯಾಯಿತು. ಸೇನೆ ಕರೆದೊಯ್ದದ್ದರಿಂದ ರಾಯಭಾರ ಕಚೇರಿಯ ಮಾತಿಗೆ ಬೆಲೆ ಕಮ್ಮಿಯಾಗಲಿಲ್ಲ. ಬಾನರ್ ಮತ್ತು ಗಿಯೆರ್ಮೊಪ್ರಿಯೆಟೊ ಊರೊಳಗೆ ನಡೆದು, ಹೆಣಗಳನ್ನು, ಎಲುಬುಗಳನ್ನು ಕಣ್ಣಾರೆ ಕಂಡಿದ್ದರು. ಮೈಸೆಲಸ್ ಫೋಟೋ ತೆಗೆದಿದ್ದರು. ರಾಯಭಾರ ಕಚೇರಿಯವರು ಮೇಲಿಂದ ನೋಡಿದ್ದರು. ಆದರೂ ತಕ್ಕಡಿ ಯಾವ ಕಡೆ ವಾಲಿತು ಎಂಬುದು ಗೊತ್ತೇ ಇದೆ.

ಫೆಬ್ರವರಿ 10ರಂದು ವಾಲ್ ಸ್ಟ್ರೀಟ್ ಜರ್ನಲ್ ಸಂಪಾದಕೀಯ ಬರೆದು ಬಾನರ್ ಅವರನ್ನು ಅತಿಯಾಗಿ ನಂಬುವ ವರದಿಗಾರ ಎಂದು ಟೀಕಿಸಿತು. ಆಮೇಲೆ ಬಾನರ್ ಅವರನ್ನು ಮಧ್ಯ ಅಮೆರಿಕದಿಂದ ನ್ಯೂಯಾರ್ಕ್‌ಗೆ ವಾಪಸ್ ಕರೆಸಿಕೊಂಡರು. ಒತ್ತಡಕ್ಕೆ ಮಣಿದು ಮಾಡಿದ್ದಲ್ಲ ಎಂದು ಅವರ ಸಂಪಾದಕರು ಹೇಳಿದರು. ನೆರವು ಮುಂದುವರಿಯಿತು. ರುಫಿನಾ ಹೊಂಡುರಾಸ್‌ನ ನಿರಾಶ್ರಿತರ ಶಿಬಿರ ಸೇರಿದರು. ಮೊಂಟೆರೋಸಾ 1984ರ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್ ಸ್ಫೋಟದಲ್ಲಿ ಸತ್ತರು. ರೇಡಿಯೋ ವೆನ್ಸೆರೆಮೋಸ್‌ನಿಂದ ವಶಪಡಿಸಿಕೊಂಡೆವು ಎಂದು ಖುಷಿಯಿಂದ ಹತ್ತಿಸಿಕೊಂಡ ಟ್ರಾನ್ಸ್‌ಮಿಟರ್ ಒಳಗೆ ಗೆರಿಲ್ಲಾಗಳು ಬಾಂಬ್ ಇಟ್ಟಿದ್ದರು.

ಅದೇ ರಾಜಧಾನಿ, ಇನ್ನೊಂದು ಸಾಕ್ಷಿ

ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತೇನೆ. ಇರಾಕ್ ಸೇನೆ ಕುವೈತ್ ದೇಶವನ್ನು ಆಕ್ರಮಿಸಿಕೊಂಡಿದ್ದ ಸಮಯ. 1990ರ ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲೇ, ಸಂಸದರ ಮಾನವ ಹಕ್ಕುಗಳ ಗುಂಪಿನ ಮುಂದೆ, ನಾಯಿರಾ ಎಂಬ 15 ವರ್ಷದ ಕುವೈತ್ ಹುಡುಗಿ ಅಳುತ್ತಾ ಮಾತಾಡಿದಳು. ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟದ್ದನ್ನು ಕಂಡೆ ಎಂದಳು. ಪೂರ್ತಿ ಹೆಸರು ಹೇಳಲಿಲ್ಲ. ಅದು ಸಂಸತ್ತಿನ ಅಧಿಕೃತ ಸಮಿತಿ ಅಲ್ಲದ್ದರಿಂದ ಪ್ರಮಾಣ ಮಾಡಿಸುವ ಕ್ರಮವೂ ಇರಲಿಲ್ಲ. ಯಾರೂ ಎಣಿಕೆ ಕೇಳಲಿಲ್ಲ, ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಎಷ್ಟಿದ್ದವು ಎಂದೂ ಕೇಳಲಿಲ್ಲ. ಅಧ್ಯಕ್ಷ ಬುಷ್ ಅದನ್ನು ಮತ್ತೆ ಮತ್ತೆ ಹೇಳಿದರು, ಸೆನೆಟ್‌ನಲ್ಲಿ ಯುದ್ಧದ ಪರ ಮಾತಾಡಿದವರೂ ಹೇಳಿದರು.

1992ರ ಜನವರಿಯಲ್ಲಿ ಗೊತ್ತಾಯಿತು: ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಆ ಹಾಜರಿಯ ಹಿಂದೆ ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಕಂಪನಿ ಕೆಲಸ ಮಾಡಿತ್ತು. ಇನ್‌ಕ್ಯುಬೇಟರ್ ಕತೆಗೆ ನಂತರ ಆಧಾರ ಸಿಗಲಿಲ್ಲ. ಇರಾಕಿ ಸೇನೆ ಕುವೈತ್‌ನಲ್ಲಿ ಕ್ರೌರ್ಯ ಮಾಡಲಿಲ್ಲ ಎಂದು ಇದರ ಅರ್ಥ ಅಲ್ಲ, ಮಾಡಿತು. ಆದರೆ ರುಫಿನಾ ಅವರಿಗೆ ಹಾಕಿದ ಒಂದೇ ಒಂದು ಪ್ರಶ್ನೆಯನ್ನಾದರೂ ಈ ಹುಡುಗಿಗೆ ಹಾಕಿದ್ದರೆ, ನಿನ್ನನ್ನು ಕರೆತಂದವರು ಯಾರು ಎಂಬ ಒಂದು ಪ್ರಶ್ನೆ, ಎಲ್ಲವೂ ಅಂದೇ ಬಯಲಾಗುತ್ತಿತ್ತು. ಹಾಕಲಿಲ್ಲ, ಯಾಕೆಂದರೆ ಆ ಉತ್ತರ ಯಾರಿಗೂ ಬೇಕಾಗಿರಲಿಲ್ಲ. ಒಬ್ಬಳ ಮಾತು ನಂಬಿದರೆ ನೆರವು ನಿಲ್ಲಿಸಬೇಕಿತ್ತು. ಇನ್ನೊಬ್ಬಳ ಮಾತು ನಂಬಿದರೆ, ಮಾಡಬೇಕೆಂದು ಹೊರಟ ಕೆಲಸಕ್ಕೆ ಇನ್ನೊಂದು ಕಾರಣ ಸಿಗುತ್ತಿತ್ತು.

ಅಗೆದು ನೋಡಿದಾಗ

1990ರ ಅಕ್ಟೋಬರ್ 26ರಂದು ಲಾ ಹೋಯಾದಲ್ಲಿ ಬದುಕುಳಿದ ರೈತರೊಬ್ಬರು ಸಾನ್ ಫ್ರಾನ್ಸಿಸ್ಕೊ ಗೊತೇರಾದ ಕೋರ್ಟಿನಲ್ಲಿ ದೂರು ಕೊಟ್ಟರು. ಬೆನ್ನಿಗೆ ನಿಂತದ್ದು ಕ್ಯಾಥೊಲಿಕ್ ಚರ್ಚ್‌ನ ಮಾನವ ಹಕ್ಕು ಕಚೇರಿ ಟುಟೆಲಾ ಲೆಗಾಲ್, ಅದರ ಮುಖ್ಯಸ್ಥೆ ಮರೀಯಾ ಹೂಲಿಯಾ ಎರ್ನಾಂಡೆಸ್. ಈ ಕಚೇರಿ ಒಬ್ಬೊಬ್ಬರ ಹೆಸರು ಹಿಡಿದು ಪಟ್ಟಿ ಮಾಡುತ್ತಾ ಬಂದಿತ್ತು. ರುಫಿನಾ ಕೂಡ ಶಿಬಿರದಿಂದ ದೇಶಕ್ಕೆ ಮರಳಿ ಬಂದು ಕೋರ್ಟಿನಲ್ಲಿ ಹೇಳಿಕೆ ಕೊಟ್ಟರು. ಅಗೆಯಲು ಅನುಮತಿ ಸಿಗುವ ತನಕ ಎಳೆದಾಟ ನಡೆಯಿತು. ಅಲ್ಲಿ ಸಿಗುವುದು ಸತ್ತ ಗೆರಿಲ್ಲಾಗಳಷ್ಟೇ ಎಂದು ದೇಶದ ಸುಪ್ರೀಂ ಕೋರ್ಟಿನ ಅಧ್ಯಕ್ಷರೇ ಹೇಳಿದ್ದನ್ನು ಆಮೇಲೆ ವಿಶ್ವಸಂಸ್ಥೆಯ ಸತ್ಯ ಆಯೋಗ ತನ್ನ ವರದಿಯಲ್ಲಿ ದಾಖಲಿಸಿದೆ.

1992ರ ಜನವರಿಯಲ್ಲಿ ಸರ್ಕಾರ ಮತ್ತು ಗೆರಿಲ್ಲಾಗಳ ನಡುವೆ ಶಾಂತಿ ಒಪ್ಪಂದ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾದ ವಿಧಿವಿಜ್ಞಾನ ಮಾನವಶಾಸ್ತ್ರ ತಂಡ ಚರ್ಚ್‌ನ ಪಕ್ಕದ ಒಂದು ಸಣ್ಣ ಕಟ್ಟಡದ ಅವಶೇಷ ಅಗೆಯಲು ಶುರು ಮಾಡಿತು. ಗುರುತಿಸಲು ಸಾಧ್ಯವಾದದ್ದು ಕನಿಷ್ಠ 143 ಜನರ ಎಲುಬು. ಅವರಲ್ಲಿ 131 ಮಂದಿ 12 ವರ್ಷದೊಳಗಿನ ಮಕ್ಕಳು. ಮಕ್ಕಳ ಸರಾಸರಿ ವಯಸ್ಸು ಸುಮಾರು 6. ದೊಡ್ಡವರು ಏಳೇ ಜನ, ಅವರಲ್ಲಿ ಒಬ್ಬಾಕೆ ತುಂಬು ಗರ್ಭಿಣಿ. ಮಣ್ಣಲ್ಲಿ ಗೊಂಬೆಗಳು, ಗೋಲಿಗಳು, ಆಟಿಕೆ ಕಾರುಗಳು, ಪುಟ್ಟ ಶಿಲುಬೆಗಳು ಸಿಕ್ಕವು. ಸಿಕ್ಕ ನಾಣ್ಯಗಳಲ್ಲಿ 1981ರ ನಂತರದ್ದು ಒಂದೂ ಇರಲಿಲ್ಲ.

ಪರೀಕ್ಷಿಸಿದ 245 ಗುಂಡಿನ ಖಾಲಿ ಕೋಶಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಎಂ-16 ರೈಫಲ್‌ನವು. 184ರ ಹಿಂಬದಿಯ ಮುದ್ರೆ ಓದಲು ಬಂತು: ಅಮೆರಿಕ ಸರ್ಕಾರಕ್ಕಾಗಿ ಮಿಸ್ಸೌರಿಯ ಲೇಕ್ ಸಿಟಿಯಲ್ಲಿ ತಯಾರಾದವು. ಗುಂಡು ಹಾರಿಸಿದವರು ಕನಿಷ್ಠ 24 ಜನ. ಕೆಲವು ಗುಂಡುಗಳು ಮೇಲಿಂದ ಕೆಳಗೆ ಹೊಕ್ಕು ನೆಲದೊಳಗೆ ಸಿಕ್ಕಿಕೊಂಡಿದ್ದವು, ಅಂದರೆ ಅವು ತಾಗಿದಾಗ ಮಕ್ಕಳು ನೆಲದ ಮೇಲೆ ಮಲಗಿದ್ದರು. ಗುಂಡಿನ ಚಕಮಕಿ ನಡುವೆ ಸಿಕ್ಕಿ ಸತ್ತರು ಎಂಬ ವಾದಕ್ಕೆ ಅಲ್ಲಿಗೆ ಜೀವ ಹೋಯಿತು.

1993ರ ಮಾರ್ಚ್ 15ಕ್ಕೆ ಸತ್ಯ ಆಯೋಗದ ವರದಿ ಬಂತು. ಹತ್ಯೆ ಮಾಡಿದ್ದು ಅಟ್ಲಾಕಾಟ್ಲ್ ಬೆಟಾಲಿಯನ್, ಬೇಕೆಂದೇ, ಯೋಜನೆ ಹಾಕಿಯೇ ಮಾಡಿದ್ದು ಎಂದು ಆಯೋಗ ಕಡ್ಡಿ ಮುರಿದಂತೆ ಹೇಳಿತು. ಆ ವರ್ಷವೇ ಅಮೆರಿಕದ ವಿದೇಶಾಂಗ ಇಲಾಖೆ ನೇಮಿಸಿದ ಸಮಿತಿಯೂ ಹತ್ಯೆ ನಡೆದದ್ದನ್ನು, ಇಲಾಖೆ ಎಡವಿದ್ದನ್ನು ಒಪ್ಪಿಕೊಂಡಿತು.

ಎಲುಬು ಸಿಕ್ಕ ಮೇಲೆ ರುಫಿನಾ ಅವರ ಮಾತು ನಿಜವಾಯಿತು ಎಂದು ಹೇಳುವುದು ರೂಢಿ. ನನಗೆ ಈ ಮಾತು ಅಷ್ಟು ಸರಿ ಕಾಣುವುದಿಲ್ಲ. ಎಲ್ಲಿ ಅಗೆಯಬೇಕು ಎಂದು ತೋರಿಸಿದ್ದೇ ಬದುಕುಳಿದವರ ಮಾತು. ಗಂಡಸರನ್ನು ಬೇರೆ ಮಾಡಿದ್ದು, ತಾಯಂದಿರಿಂದ ಮಕ್ಕಳನ್ನು ಕಿತ್ತದ್ದು, ದಿನ ಪೂರ್ತಿ ಸಾವಕಾಶವಾಗಿ ಕೊಂದದ್ದು, ಇದನ್ನು ಯಾವ ಎಲುಬೂ ಹೇಳುವುದಿಲ್ಲ. ಒಂದು ಕೋಣೆಯಲ್ಲಿ ಮಕ್ಕಳ ಎಲುಬು ಮಾತ್ರ ಯಾಕೆ ಇಷ್ಟೊಂದು ಎಂಬ ಪ್ರಶ್ನೆಗೆ ಉತ್ತರ ಆಕೆಯ ಬಳಿ ಮುಂಚೆಯೇ ಇತ್ತು. ಜತೆಗೆ, ಆ ಹೊತ್ತಿಗೆ ಯುದ್ಧ ಮುಗಿದಿತ್ತು, ಶೀತಲ ಸಮರ ಮುಗಿದಿತ್ತು, ವಾಷಿಂಗ್ಟನ್‌ನಲ್ಲಿ ಸರ್ಕಾರವೂ ಬದಲಾಗಿತ್ತು. 1982ರಲ್ಲಿ ಅದೇ ಎಲುಬುಗಳು ನೆಲದ ಮೇಲೆಯೇ ಬಿದ್ದಿದ್ದವು, ಫೋಟೋ ಕೂಡ ಬಂದಿತ್ತು. ಆಗ ನಂಬಿದರೆ ಕೈಬಿಡಬೇಕಾದದ್ದು ಬಹಳ ಇತ್ತು. 1993ರಲ್ಲಿ ನಂಬಲು ಯಾರಿಗೂ ಜಾಸ್ತಿ ಖರ್ಚಿರಲಿಲ್ಲ.

ಖರ್ಚು ಇದ್ದ ಕಡೆ ಏನಾಯಿತು ನೋಡಿ. ವರದಿ ಬಂದ ಐದೇ ದಿನಕ್ಕೆ, ಮಾರ್ಚ್ 20ರಂದು, ಎಲ್ ಸಾಲ್ವಡೋರ್ ಸಂಸತ್ತು ಯುದ್ಧಕಾಲದ ಅಪರಾಧಗಳಿಗೆಲ್ಲ ಕ್ಷಮಾದಾನದ ಕಾನೂನು ಮಾಡಿತು. ನಂಬಿದ್ದೂ ಆಯಿತು, ಕಡತ ಮುಚ್ಚಿದ್ದೂ ಆಯಿತು.

ರುಫಿನಾ 2007ರ ಮಾರ್ಚ್‌ನಲ್ಲಿ ತೀರಿಕೊಂಡರು. ಆ ತನಕ ಕೇಳಿದವರಿಗೆಲ್ಲ ಅದೇ ಕತೆ ಹೇಳಿದರು. 2012ರ ಜನವರಿಯಲ್ಲಿ ಅಧ್ಯಕ್ಷ ಮೌರಿಸಿಯೊ ಫುನೆಸ್ ಎಲ್ ಮೊಸೋಟೆಗೇ ಬಂದು ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅದೇ ವರ್ಷ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಸರ್ಕಾರವೇ ಹೊಣೆ ಎಂದು ತೀರ್ಪು ಕೊಟ್ಟಿತು. 2016ರಲ್ಲಿ ದೇಶದ ಸುಪ್ರೀಂ ಕೋರ್ಟ್ ಕ್ಷಮಾದಾನದ ಕಾನೂನನ್ನು ರದ್ದು ಮಾಡಿತು, ಗೊತೇರಾದ ಕೋರ್ಟಿನಲ್ಲಿ ಹಳೆಯ ಕೇಸು ಮತ್ತೆ ತೆರೆಯಿತು. ಎಣಿಕೆಯೂ ಮತ್ತೆ ನಡೆಯಿತು. 2017ರ ಸರ್ಕಾರಿ ದಾಖಲೆಯಲ್ಲಿ ಸುತ್ತಲಿನ ಹಳ್ಳಿಗಳೂ ಸೇರಿ ಕೊಲೆಯಾದವರು 978, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. 1982ರಲ್ಲಿ ಅತಿ ಎನಿಸಿದ್ದ 733 ಈಗ ಕಮ್ಮಿಯಾಗಿ ಕಾಣುತ್ತದೆ.

2020ರ ಜನವರಿಯಲ್ಲಿ ವಾಯುಪಡೆಯ ಮಾಜಿ ಮುಖ್ಯಸ್ಥ, ನಿವೃತ್ತ ಜನರಲ್ ಹುವಾನ್ ರಫಾಯೆಲ್ ಬುಸ್ಟಿಯೊ ಕೋರ್ಟಿನಲ್ಲಿ ಬಾಯಿಬಿಟ್ಟರು: ಕೊಂದದ್ದು ಸೇನೆಯೇ, ಆದರೆ ಹೊಣೆ ಮೊಂಟೆರೋಸಾ ಅವರದ್ದು. ಸತ್ತು 35 ವರ್ಷವಾದವರ ಮೇಲೆ ಹಾಕಿದ ಹೊಣೆ. ಅದೇ ವರ್ಷ ನ್ಯಾಯಾಧೀಶ ಹೋರ್ಹೆ ಗುಸ್ಮಾನ್ ಸೇನೆಯ ಕಡತಗಳನ್ನು ಪರಿಶೀಲಿಸಲು ಹೋದಾಗ ಸೈನಿಕರು ಬಾಗಿಲು ತೆಗೆಯಲಿಲ್ಲ, ಅಧ್ಯಕ್ಷ ಬುಕೆಲೆ ಸರ್ಕಾರ ಅವರ ಬೆನ್ನಿಗೆ ನಿಂತಿತು. 2021ರಲ್ಲಿ 60 ದಾಟಿದ ನ್ಯಾಯಾಧೀಶರನ್ನು ಮನೆಗೆ ಕಳಿಸುವ ಕಾನೂನು ಬಂತು, ಗುಸ್ಮಾನ್ ಈ ಕೇಸಿನಿಂದ ಹೊರಬಿದ್ದರು. ಹಳ್ಳಿಯವರು ಹೇಳಬೇಕಾದದ್ದನ್ನೆಲ್ಲ ಹೇಳಿ ಆಗಿದೆ. ಆ ಕಾರ್ಯಾಚರಣೆಯ ಬಗ್ಗೆ ಸೇನೆ ಬರೆದಿಟ್ಟುಕೊಂಡ ಕಾಗದಗಳನ್ನು ಮಾತ್ರ ಆ ಕೋರ್ಟಿಗೆ ನೋಡಲು ಬಿಡಲಿಲ್ಲ.